ಶನಿವಾರದ ವೇಗ, ಭಾನುವಾರದ ರಬ್ಬರ್

2013ರ ಮೇ ತಿಂಗಳಲ್ಲಿ ಬಾರ್ಸಿಲೋನಾದಲ್ಲಿ ನಡೆದ ಸ್ಪ್ಯಾನಿಷ್ ಗ್ರ್ಯಾನ್ ಪ್ರಿ. ಶನಿವಾರದ ಅರ್ಹತಾ ಸುತ್ತಿನಲ್ಲಿ ಮೊದಲ ಎರಡೂ ಜಾಗ ಮರ್ಸಿಡಿಸ್ ಪಾಲು: ನಿಕೊ ರೋಸ್‌ಬರ್ಗ್ ಮೊದಲಿಗರು, ಲೂಯಿಸ್ ಹ್ಯಾಮಿಲ್ಟನ್ ಎರಡನೆಯವರು. ಭಾನುವಾರ ಓಟ ಮುಗಿದಾಗ ರೋಸ್‌ಬರ್ಗ್ 6ನೇ ಸ್ಥಾನದಲ್ಲಿದ್ದರು, ಹ್ಯಾಮಿಲ್ಟನ್ 12ರಲ್ಲಿ. ಎಂಜಿನ್ ಕೈಕೊಟ್ಟಿರಲಿಲ್ಲ. ಚಾಲಕರು ರಾತ್ರೋರಾತ್ರಿ ಓಡಿಸುವುದನ್ನು ಮರೆತೂ ಇರಲಿಲ್ಲ. ಕಾರು ಟೈರ್‌ಗಳನ್ನು ತಿಂದು ಹಾಕುತ್ತಿತ್ತು, ಅಷ್ಟೇ. ಗೆದ್ದವರು ಐದನೇ ಜಾಗದಿಂದ ಹೊರಟ ಫರ್ನಾಂಡೊ ಅಲೊನ್ಸೊ, ಅದೂ ನಾಲ್ಕು ಸಲ ಪಿಟ್‌ಗೆ ಬಂದು ಟೈರ್ ಬದಲಿಸಿಕೊಂಡು.

ಒಂದು ಸುತ್ತಿನ ವೇಗವೇ ಬೇರೆ, 300 ಕಿ.ಮೀ. ಓಟದ ವೇಗವೇ ಬೇರೆ. ಫಾರ್ಮುಲಾ 1 ನೋಡುವವರಲ್ಲಿ ಅನೇಕರು ಸೆಟಪ್ ಎಂದರೆ ಕಾರಿನಿಂದ ಹೆಚ್ಚು ವೇಗ ಹಿಂಡುವ ಕಸರತ್ತು ಎಂದುಕೊಳ್ಳುತ್ತಾರೆ. ಅದು ಅರ್ಧ ಮಾತ್ರ ಸರಿ. ನಾಲ್ಕು ಟೈರ್‌ಗಳಲ್ಲಿ ಯಾವುದು ಮೊದಲು ಸೋಲಲಿ, ಎಷ್ಟನೇ ಸುತ್ತಿಗೆ ಸೋಲಲಿ ಎಂದು ಎಂಜಿನಿಯರ್‌ಗಳು ಮುಂಚೆಯೇ ಮಾಡಿಕೊಳ್ಳುವ ತೀರ್ಮಾನವೇ ಸೆಟಪ್ಪಿನ ಇನ್ನರ್ಧ. ಈ ತೀರ್ಮಾನವನ್ನು ಆಮೇಲೆ ತಿದ್ದುವ ಹಾಗೂ ಇಲ್ಲ. ಅರ್ಹತಾ ಸುತ್ತು ಶುರುವಾಯಿತೆಂದರೆ ಸ್ಪ್ರಿಂಗ್, ಆ್ಯಂಟಿ ರೋಲ್ ಬಾರ್, ಚಕ್ರದ ಕೋನ, ಎಲ್ಲಕ್ಕೂ ಬೀಗ ಬಿದ್ದಂತೆ. ಓಟದ ಹೊತ್ತಿಗೆ ಉಳಿಯುವುದು ಮುಂದಿನ ವಿಂಗ್‌ನ ಕೋನ, ಸ್ಟೀರಿಂಗ್ ಮೇಲಿನ ಗುಂಡಿಗಳಿಂದ ಬದಲಿಸಬಹುದಾದ ಬ್ರೇಕ್ ಹಂಚಿಕೆ, ಡಿಫರೆನ್ಷಿಯಲ್ ಇಂಥ ನಾಲ್ಕಾರು ಸಂಗತಿ. ಶನಿವಾರಕ್ಕೆ ಒಂದು ಕಾರು, ಭಾನುವಾರಕ್ಕೆ ಇನ್ನೊಂದು ಎನ್ನುವಂತಿಲ್ಲ.

ಟೈರ್ ಸವೆಯುವುದು ಅದನ್ನು ತಯಾರಿಸುವ ಕಂಪನಿಯ ಕೈಲಾಗದ್ದರಿಂದ ಎಂದು ಭಾವಿಸಬೇಡಿ. 2010ರ ಕೆನಡಾ ಓಟದಲ್ಲಿ ಟೈರ್‌ಗಳು ಎಣಿಸಿದ್ದಕ್ಕಿಂತ ಬೇಗ ಸೋತು ಓಟ ರೋಚಕವಾಯಿತು. 2011ರಲ್ಲಿ ಪಿರೆಲ್ಲಿ ಏಕೈಕ ಪೂರೈಕೆದಾರನಾಗಿ ಬಂದಾಗ, ಅಂಥದ್ದೇ ಓಟ ಬೇಕೆಂದು ಕೇಳಿ ಮಾಡಿಸಿದ ರಬ್ಬರ್ ಇದು. ಒಣ ಟ್ರ್ಯಾಕ್‌ನ ಓಟದಲ್ಲಿ ಕನಿಷ್ಠ ಎರಡು ಬಗೆಯ ರಬ್ಬರ್ ಬಳಸಲೇಬೇಕೆಂಬ ನಿಯಮವೂ ಇದೆ. ಹಾಗಾಗಿ ಟೈರ್ ಬದಲಿಸುವುದಂತೂ ತಪ್ಪದು. ಎಷ್ಟು ಸಲ ಎಂಬುದಷ್ಟೇ ಪ್ರಶ್ನೆ.

ರೇಸ್ ಟೈರ್‌ನ ರಬ್ಬರ್ ತಣ್ಣಗಿದ್ದಾಗ ಗಟ್ಟಿ, ಹಿಡಿತವೇ ಇಲ್ಲ. ಸುಮಾರು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಅಂಟಂಟಾಗಿ ಡಾಂಬರಿನ ಸಣ್ಣಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು ಕೂರುತ್ತದೆ. ಅದನ್ನೂ ಮೀರಿ ಕಾದರೆ ಮತ್ತೆ ಜಾರತೊಡಗುತ್ತದೆ. ಫಾರ್ಮುಲಾ 1ರಲ್ಲಿ ಟೈರ್‌ಗಳನ್ನು ಹೊದಿಕೆಯೊಳಗೆ ಬೆಚ್ಚಗಿಟ್ಟು ಹೊರಗೆ ಬಿಡುತ್ತಾರೆ. ನಮ್ಮ ಬೆಂಗಳೂರಿನ ಕುಶ್ ಮೈನಿ ಓಡಿಸುವ ಫಾರ್ಮುಲಾ 2ರಲ್ಲಿ ಆ ಸೌಕರ್ಯವಿಲ್ಲ. ಪಿಟ್‌ನಿಂದ ತಣ್ಣನೆಯ ಟೈರ್‌ನಲ್ಲೇ ಹೊರಬಿದ್ದು, ಓಡಿಸುತ್ತಲೇ ಅದನ್ನು ಕಾಯಿಸಿಕೊಳ್ಳಬೇಕು. 2025ರಲ್ಲಿ ಮೊನಾಕೊದ ಸ್ಪ್ರಿಂಟ್ ಓಟವನ್ನು ಅವರು ಗೆದ್ದದ್ದು ಅಂಥ ಟೈರ್‌ಗಳ ಮೇಲೆಯೇ.

ಇಲ್ಲಿ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ನೋಡಬೇಕು. ರಬ್ಬರ್ ತೆಳ್ಳಗಾಗುತ್ತ ಹೋಗುವುದು ಸವೆತ. ರಬ್ಬರ್ ಬೇಕಾದಷ್ಟು ಉಳಿದಿದ್ದರೂ ಕಾದು ಕಾದು ಸತ್ವ ಕಳೆದುಕೊಳ್ಳುವುದು ಇನ್ನೊಂದು. ಕಾಮೆಂಟರಿಯಲ್ಲಿ ಡಿಗ್ರೆಡೇಷನ್, ಚಿಕ್ಕದಾಗಿ ಡೆಗ್ ಎನ್ನುವುದು ಇದನ್ನೇ. ಬಾರ್ಸಿಲೋನಾದಲ್ಲಿ ಮರ್ಸಿಡಿಸ್ಸನ್ನು ಕಾಡಿದ್ದರಲ್ಲಿ ಈ ಎರಡನೆಯದರ ಪಾಲು ದೊಡ್ಡದು.

ಇನ್ನೂ ಹತ್ತಿರದಿಂದ ನೋಡಿದರೆ ಟೈರ್‌ನ ಮೈಮೇಲೆ ಬೇರೆ ಗುರುತುಗಳೂ ಕಾಣುತ್ತವೆ. ಮೇಲ್ಪದರ ಡಾಂಬರಿನ ಮೇಲೆ ಅಡ್ಡಡ್ಡ ಜಾರಿದಾಗ ರಬ್ಬರ್ ಕಿತ್ತುಬಂದು ಸಣ್ಣ ಸುರುಳಿಗಳಾಗುತ್ತದೆ. ಶಾಲೆಯಲ್ಲಿ ಪೆನ್ಸಿಲ್ ಗೀಟು ಉಜ್ಜಿದಾಗ ಅಳಿಸುವ ರಬ್ಬರಿನ ಅಂಚಿಗೆ ಅಂಟಿಕೊಂಡು ನಿಲ್ಲುವ ಕಪ್ಪು ಎಳೆಗಳನ್ನು ನೆನಪಿಸಿಕೊಳ್ಳಿ, ಥೇಟ್ ಹಾಗೆ. ಇದು ಗ್ರೇನಿಂಗ್. ಆಗ ನೆಲ ಮುಟ್ಟುತ್ತಿರುವುದು ಟೈರ್ ಅಲ್ಲ, ಟೈರ್‌ಗೆ ಅಂಟಿದ ಈ ಸುರುಳಿಗಳು. ಹಿಡಿತ ಕುಸಿಯುತ್ತದೆ, ಜಾರುವಿಕೆ ಹೆಚ್ಚುತ್ತದೆ, ಸುರುಳಿ ಇನ್ನಷ್ಟು ಬೆಳೆಯುತ್ತದೆ. ಆದರೆ ಚಾಲಕ ಕೆಲವು ಸುತ್ತು ಸೈರಣೆಯಿಂದ ಓಡಿಸಿದರೆ ಆ ಪದರ ಸವೆದು ಕೆಳಗಿನ ನಯವಾದ ರಬ್ಬರ್ ಮೇಲೆ ಬರುವುದೂ ಉಂಟು. ಬ್ಲಿಸ್ಟರಿಂಗ್ ಹಾಗಲ್ಲ. ಅಲ್ಲಿ ಒಳಗಿನ ರಬ್ಬರ್ ಅತಿಯಾಗಿ ಕಾದು ಗುಳ್ಳೆ ಎದ್ದು ಒಡೆದು, ತುಂಡುತುಂಡಾಗಿ ಹಾರಿ ಕುಳಿ ಬೀಳುತ್ತದೆ. ಹೋದ ರಬ್ಬರ್ ಮತ್ತೆ ಬರುವುದಿಲ್ಲ.

ಸೆಟಪ್ ಇದರೊಳಗೆ ಕೈಹಾಕುವುದು ಭಾರದ ಮೂಲಕ. ಟೈರ್ ಮೇಲಿನ ಭಾರ ಹೆಚ್ಚಿದಂತೆ ಹಿಡಿತವೂ ಹೆಚ್ಚುತ್ತದೆ, ಆದರೆ ಭಾರ ಹೆಚ್ಚಿದ ಪ್ರಮಾಣದಲ್ಲಿ ಅಲ್ಲ. ಲೆಕ್ಕಕ್ಕೆಂದು ಒಂದಿಷ್ಟು ಅಂಕಿ ಹಿಡಿಯೋಣ. ಮುಂದಿನ ಎರಡು ಟೈರ್‌ಗಳ ಮೇಲೆ ತಲಾ 300 ಕಿಲೊ ಭಾರ. ಪ್ರತಿ ಕಿಲೊಗೆ 1.6ರಷ್ಟು ಹಿಡಿತ ಎಂದರೆ ಒಟ್ಟು 960. ಕಾರು ತಿರುವಿಗೆ ಬಿದ್ದಾಗ ಭಾರ ಹೊರಬದಿಗೆ ವಾಲಿ ಹೊರಗಿನ ಟೈರ್ ಮೇಲೆ 500, ಒಳಗಿನದರ ಮೇಲೆ 100 ಆಯಿತೆನ್ನಿ. ಹೊರಗಿನದರ ಹಿಡಿತ ಕಿಲೊಗೆ 1.4ಕ್ಕೆ ಇಳಿದು 700, ಒಳಗಿನದು 1.8ಕ್ಕೆ ಏರಿ 180. ಒಟ್ಟು 880. ಕಾರಿನ ತೂಕ ಒಂದು ಗ್ರಾಮೂ ಬದಲಾಗಿಲ್ಲ, ಹಿಡಿತ ಮಾತ್ರ 80ರಷ್ಟು ಹೋಯಿತು.

ತಿರುವಿನಲ್ಲಿ ಒಟ್ಟು ಎಷ್ಟು ಭಾರ ಹೊರಬದಿಗೆ ಸರಿಯುತ್ತದೆ ಎಂಬುದು ವೇಗ, ಕಾರಿನ ಅಗಲ, ಗುರುತ್ವ ಕೇಂದ್ರದ ಎತ್ತರ ಇವುಗಳ ಮೇಲೆ ನಿಂತಿದೆ. ಹಾಗೆ ಸರಿದ ಭಾರವನ್ನು ಮುಂದಿನ ಜೋಡಿ ಎಷ್ಟು ಹೊರಬೇಕು, ಹಿಂದಿನ ಜೋಡಿ ಎಷ್ಟು ಹೊರಬೇಕು ಎಂದು ಹಂಚುವುದು ಆ್ಯಂಟಿ ರೋಲ್ ಬಾರ್ ಮತ್ತು ಸ್ಪ್ರಿಂಗ್‌ಗಳ ಗಡಸುತನ. ಮುಂದೆ ಗಡಸು ಮಾಡಿದರೆ ಮುಂದಿನ ಟೈರ್‌ಗಳೇ ಮೊದಲು ಸೋಲುತ್ತವೆ. ಸ್ಟೀರಿಂಗ್ ತಿರುಗಿಸಿದರೂ ಕಾರು ನೇರಕ್ಕೆ ಹೋಗಲು ನೋಡುತ್ತದೆ. ಅದು ಅಂಡರ್‌ಸ್ಟೀರ್. ಹಿಂದೆ ಗಡಸಾದರೆ ಕಾರಿನ ಬಾಲ ಹೊರಕ್ಕೆ ಬೀಸುತ್ತದೆ. ಚಾಲಕರಲ್ಲಿ ಅನೇಕರಿಗೆ ಒಂದು ಸುತ್ತಿಗೆ ಇದೇ ಇಷ್ಟ, ಕಾರು ತಿರುವಿಗೆ ಚುರುಕಾಗಿ ಇಳಿಯುತ್ತದಲ್ಲ. ಹತ್ತು ಸುತ್ತಾದ ಮೇಲೆ ಹಿಂದಿನ ಟೈರ್‌ಗಳ ಸ್ಥಿತಿ ಅವರಿಗೇ ಗೊತ್ತು.

ಆದ್ದರಿಂದ ಮೊದಲು ನೋಡಬೇಕಾದ್ದು ಟ್ರ್ಯಾಕ್. ಬಹರೇನ್‌ನಲ್ಲಿ ಡಾಂಬರು ಒರಟು, ನಿಧಾನ ತಿರುವಿನಿಂದ ಜೋರಾಗಿ ಹೊರಡುವ ಜಾಗಗಳೇ ಹೆಚ್ಚು; ಅಲ್ಲಿ ಹಿಂದಿನ ಟೈರ್‌ಗಳನ್ನು ಕಾಪಾಡಬೇಕು. ಸಿಲ್ವರ್‌ಸ್ಟೋನ್‌ನಲ್ಲಿ ವೇಗದ ಬಲತಿರುವುಗಳು ಬಹಳ. ಏಟು ಬೀಳುವುದು ಮುಂದಿನ ಎಡ ಟೈರ್‌ಗೆ.

ಬಾಕಿ ತಿರುಪುಗಳ ಕತೆ ನಮ್ಮ ಓಣಿಯ ವೀಲ್ ಅಲೈನ್‌ಮೆಂಟ್ ಅಂಗಡಿಯಲ್ಲೂ ಕೇಳಿಬರುವಂಥದ್ದೇ. ಚಕ್ರದ ತಲೆಯನ್ನು ಒಳಕ್ಕೆ ವಾಲಿಸುವುದು ನೆಗೆಟಿವ್ ಕ್ಯಾಂಬರ್. ತಿರುವಿನಲ್ಲಿ ಕಾರು ವಾಲಿದಾಗ ಹೊರಗಿನ ಟೈರ್ ನೆಲಕ್ಕೆ ಸಪಾಟಾಗಿ ಕೂರಲಿ ಎಂದು. ಆದರೆ ನೇರ ದಾರಿಯಲ್ಲಿ ಟೈರ್‌ನ ಒಳಅಂಚೇ ಹೆಚ್ಚಿನ ಭಾರ ಹೊತ್ತು ಕಾಯುತ್ತದೆ. 2011ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ರೆಡ್ ಬುಲ್ ತಂಡ ಪಿರೆಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಕ್ಯಾಂಬರ್ ಇಟ್ಟು, ಅರ್ಹತಾ ಸುತ್ತಿನಲ್ಲೇ ಮುಂದಿನ ಟೈರ್‌ಗಳಲ್ಲಿ ಗುಳ್ಳೆ ಎಬ್ಬಿಸಿಕೊಂಡಿತ್ತು. ಸೆಬಾಸ್ಟಿಯನ್ ವೆಟ್ಟೆಲ್ ಬೇಗ ಟೈರ್ ಬದಲಿಸಿ ಗೆದ್ದರೇನೋ ಸರಿ, ತಂಡದ ಎದೆ ಢವಢವ ಎನ್ನುತ್ತಿತ್ತು. ಈಗ ಕ್ಯಾಂಬರ್‌ಗೆ ಮೇಲ್ಮಿತಿ, ಗಾಳಿಗೆ ಕೆಳಮಿತಿ ಎರಡೂ ಕಡ್ಡಾಯ. ಗಾಳಿ ಕಡಿಮೆಯಿದ್ದಷ್ಟೂ ಟೈರ್ ಹೆಚ್ಚು ನೆಲ ಮುಟ್ಟುತ್ತದೆ, ಹಿಡಿತ ಹೆಚ್ಚು. ತೀರಾ ಕಡಿಮೆಯಾದರೆ ಪಕ್ಕದ ಗೋಡೆ ಬಾಗಿ ಬಾಗಿ ಒಳಗೇ ಮುರಿಯುತ್ತದೆ. ತಂಡಗಳು ಕೆಳಮಿತಿಯ ಮೇಲೇ ಕಣ್ಣಿಟ್ಟಿರುತ್ತವೆ.

ವಿಂಗ್ ವಿಷಯ ಸ್ವಲ್ಪ ತಿರುವುಮುರುವು. ದೊಡ್ಡ ವಿಂಗ್ ಕಾರನ್ನು ನೆಲಕ್ಕೆ ಹೆಚ್ಚು ಒತ್ತುವುದರಿಂದ ಟೈರ್ ಬೇಗ ಸವೆಯಬೇಕು ಎನಿಸುತ್ತದೆ. ಸಾಮಾನ್ಯವಾಗಿ ಆಗುವುದು ಉಲ್ಟಾ. ಟೈರ್‌ನ ದೊಡ್ಡ ಶತ್ರು ಜಾರುವಿಕೆ. ನೆಲಕ್ಕೆ ಒತ್ತುವ ಬಲ ಹೆಚ್ಚಿದ್ದರೆ ಜಾರುವಿಕೆ ಕಡಿಮೆ. ಇನ್ನೊಬ್ಬರ ಬೆನ್ನಿಗೇ ಅಂಟಿಕೊಂಡು ಓಡಿಸುವವನ ಟೈರ್ ಬೇಗ ಹಾಳಾಗುವುದೂ ಇದಕ್ಕೇ: ಮುಂದಿನ ಕಾರು ಕಲಕಿದ ಗಾಳಿಯಲ್ಲಿ ಹಿಂದಿನ ಕಾರಿನ ವಿಂಗ್ ಸರಿಯಾಗಿ ಕೆಲಸ ಮಾಡುವುದಿಲ್ಲ.

ಒಂದೇ ಟ್ರ್ಯಾಕ್, ಒಂದೇ ವಾರದ ಅಂತರ, ಫಲಿತಾಂಶ ಅದಲುಬದಲು ಆದದ್ದನ್ನು 2020ರ ಆಗಸ್ಟ್‌ನಲ್ಲಿ ಸಿಲ್ವರ್‌ಸ್ಟೋನ್ ತೋರಿಸಿತು. ಆಗಸ್ಟ್ 2ರ ಓಟದಲ್ಲಿ ಎಲ್ಲರನ್ನೂ ನಿಧಾನಗೊಳಿಸುವ ಸೇಫ್ಟಿ ಕಾರ್ ಬಂದದ್ದರಿಂದ ಬಹುತೇಕರು ಬೇಗನೆ ಟೈರ್ ಬದಲಿಸಿ, ಅದರಲ್ಲೇ ಕೊನೆಯವರೆಗೂ ಓಡಿಸಿದರು. ಕಡೆಯ ಸುತ್ತುಗಳಲ್ಲಿ ವಾಲ್ಟೇರಿ ಬೊಟ್ಟಾಸ್, ಕಾರ್ಲೋಸ್ ಸೈಂಜ್, ಕೊನೆಗೆ ಮುಂಚೂಣಿಯಲ್ಲಿದ್ದ ಹ್ಯಾಮಿಲ್ಟನ್, ಮೂವರದೂ ಮುಂದಿನ ಎಡ ಟೈರೇ ಹೋಯಿತು. ಹ್ಯಾಮಿಲ್ಟನ್ ಮೂರು ಚಕ್ರದಲ್ಲಿ ತೆವಳಿಕೊಂಡು 5.856 ಸೆಕೆಂಡ್ ಅಂತರದಿಂದ ಗೆದ್ದರು. ಮುಂದಿನ ವಾರ ಪಿರೆಲ್ಲಿ ತಂದದ್ದು ಒಂದು ದರ್ಜೆ ಮೆದು ರಬ್ಬರ್, ಜೊತೆಗೆ ಗಾಳಿಯ ಕೆಳಮಿತಿಯೂ ಏರಿತು. ಈಗ ಮರ್ಸಿಡಿಸ್ ಟೈರ್‌ಗಳಲ್ಲಿ ಗುಳ್ಳೆ. ಗಟ್ಟಿ ರಬ್ಬರ್‌ನಲ್ಲಿ ಹೊರಟ ಮ್ಯಾಕ್ಸ್ ವರ್ಸ್ಟಾಪನ್ ನಾಲ್ಕನೇ ಜಾಗದಿಂದ ಬಂದು ಗೆದ್ದರು.

ಟಿವಿ ಮುಂದೆ ಕೂತವರು ಮೋಸಹೋಗುವ ಒಂದು ಜಾಗವಿದೆ. ಕಾರು ಗರಿಷ್ಠ 110 ಕಿಲೊ ಇಂಧನ ಹೊತ್ತು ಹೊರಡುತ್ತಿದ್ದ ಆ ವರ್ಷಗಳ ಲೆಕ್ಕದಲ್ಲಿ, ಇಟಲಿಯ ಮೊಂಝಾದ 53 ಸುತ್ತಿನ ಓಟದಲ್ಲಿ ಸುತ್ತಿಗೆ ಸುಮಾರು 2 ಕಿಲೊ ಉರಿದುಹೋಗುತ್ತದೆ. ಒಂದು ಕಿಲೊ ಇಳಿದರೆ ಸುತ್ತಿಗೆ ಹೆಚ್ಚುಕಡಿಮೆ 0.03 ಸೆಕೆಂಡ್ ಉಳಿತಾಯ. ಅಂದರೆ ಟೈರ್ ಹೊಸದಾಗಿಯೇ ಉಳಿದಿದ್ದರೆ ಪ್ರತಿ ಸುತ್ತೂ 0.06 ಸೆಕೆಂಡಿನಷ್ಟು ಚುರುಕಾಗಬೇಕು. ಹತ್ತು ಸುತ್ತು ಒಂದೇ ಸಮಯ ಬಂದರೆ ಟೈರ್ ಗಟ್ಟಿಯಾಗಿದೆ ಎಂದಲ್ಲ, 0.6 ಸೆಕೆಂಡಿನಷ್ಟು ಆಗಲೇ ಸೋತಿದೆ, ಇಂಧನ ಅದನ್ನು ಮುಚ್ಚಿಟ್ಟಿದೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು 2024ರ ಸೆಪ್ಟೆಂಬರ್ 1ರ ಮೊಂಝಾಗೆ ಬನ್ನಿ. ಆ ವರ್ಷ ಹೊಸದಾಗಿ ಡಾಂಬರು ಹಾಕಿದ್ದರು. ಶುಕ್ರವಾರದ ಅಭ್ಯಾಸದಲ್ಲೇ ಗ್ರೇನಿಂಗ್ ಕಂಡಿತ್ತು, ಅದರಲ್ಲೂ ಮುಂದಿನ ಎಡ ಟೈರ್‌ನಲ್ಲಿ. ಎರಡು ಸಲ ಪಿಟ್‌ಗೆ ಬರುವುದೇ ಜಾಣತನ ಎಂಬುದು ಹೆಚ್ಚಿನವರ ಅಂದಾಜು. ಮೆಕ್ಲಾರೆನ್‌ನ ಇಬ್ಬರೂ ಮುಂದಿನ ಸಾಲಿನಿಂದ ಹೊರಟವರು. ಫೆರಾರಿಯ ಶಾರ್ಲ್ ಲೆಕ್ಲೆರ್ ನಾಲ್ಕನೆಯವರು. ಲೆಕ್ಲೆರ್ 15ನೇ ಸುತ್ತಿಗೆ ಪಿಟ್‌ಗೆ ಬಂದು ಗಟ್ಟಿ ರಬ್ಬರ್ ಹಾಕಿಸಿಕೊಂಡರು. ಹೊಸ ಟೈರ್ ಸಿಕ್ಕ ಖುಷಿಗೆ ಮೊದಲ ಸುತ್ತುಗಳಲ್ಲೇ ಬಾರಿಸಿದರೆ ಸುರುಳಿ ಏಳುತ್ತದೆ. ವೇಗದ ತಿರುವುಗಳಲ್ಲಿ ಮುಂದಿನ ಎಡ ಟೈರನ್ನು ಜಾರಗೊಡದೆ ನಡೆಸುವುದೇ ಆಗಿನ ಕೆಲಸ. ನೋಡಲು ಸಪ್ಪೆ, ಮಾಡಲು ಕಷ್ಟ.

ಪಿಟ್‌ಗೆ ಬಂದುಹೋಗಲು ಮೊಂಝಾದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸೆಕೆಂಡ್ ಬೇಕು. ಮುಂದಿದ್ದ ಮೆಕ್ಲಾರೆನ್‌ನ ಆಸ್ಕರ್ ಪಿಯಾಸ್ಟ್ರಿ 38ನೇ ಸುತ್ತಿಗೆ ಎರಡನೇ ಸಲ ಒಳಬಂದರು. ಉಳಿದ 15 ಸುತ್ತಿನಲ್ಲಿ, ಹೊಸ ಟೈರ್‌ನ ಬಲದಿಂದ, ಸುತ್ತಿಗೆ ಒಂದೂವರೆ ಸೆಕೆಂಡಿನ ಹತ್ತಿರಹತ್ತಿರ ಹಿಂದೆ ಪಡೆಯಬೇಕಿತ್ತು. ಲೆಕ್ಲೆರ್ ಟೈರ್ ಕುಸಿದಿದ್ದರೆ ಅದು ಆಗುವ ಮಾತೇ. ಕುಸಿಯಲಿಲ್ಲ. ಒಂದೇ ಜೊತೆಯಲ್ಲಿ 38 ಸುತ್ತು ಮುಗಿಸಿ ಲೆಕ್ಲೆರ್ 2.664 ಸೆಕೆಂಡ್‌ಗಳಿಂದ ಗೆದ್ದರು. ಆಗ ಫೆರಾರಿಯಲ್ಲೇ ಇದ್ದು ಅದೇ ಉಪಾಯ ಹಿಡಿದ ಸೈಂಜ್ ನಾಲ್ಕನೆಯವರಾದರು. ಆ ದಿನ ಫೆರಾರಿಗಿಂತ ಮೆಕ್ಲಾರೆನ್ ವೇಗದ ಕಾರು ಎಂಬುದರಲ್ಲಿ ನನಗಂತೂ ಅನುಮಾನವಿಲ್ಲ.

ಚಾಲಕನ ಪಾದಕ್ಕೆ ಇದರಲ್ಲಿ ಎಷ್ಟು ಪಾಲು ಎಂದು ಕೇಳಿದರೆ ನಾನು ಸೆರ್ಜಿಯೊ ಪೆರೆಝ್ ಹೆಸರು ಹೇಳುತ್ತೇನೆ. ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ತಂಡಕ್ಕೆ, ಅಷ್ಟೇನೂ ವೇಗವಿಲ್ಲದ ಕಾರಿನಲ್ಲಿ, ಐದು ಬಾರಿ ಮೂರನೇ ಸ್ಥಾನ ತಂದುಕೊಟ್ಟವರು. ಆ್ಯಕ್ಸಿಲರೇಟರನ್ನು ಒಮ್ಮೆಲೇ ಒತ್ತದೆ, ಹಿಂದಿನ ಚಕ್ರಗಳನ್ನು ಗಿರಗಿಟ್ಟಿಸದೆ ತಿರುವಿನಿಂದ ಹೊರಡುವುದರಲ್ಲಿ ಅವರದು ಪಳಗಿದ ಕಾಲು.

ಒಂದೇ ಸಲ ನಿಲ್ಲಿಸುವ ಉಪಾಯ ಯಾವಾಗಲೂ ಹೀಗೆ ಕೈಹಿಡಿಯುತ್ತದೆ ಎಂದಲ್ಲ. ಮೊಂಝಾಗೆ ತಿಂಗಳ ಮುಂಚೆ, 2024ರ ಜುಲೈ 28ರಂದು ಸ್ಪಾದಲ್ಲಿ ಜಾರ್ಜ್ ರಸೆಲ್ 10ನೇ ಸುತ್ತಿಗೆ ಟೈರ್ ಬದಲಿಸಿ, 44 ಸುತ್ತಿನ ಓಟದ ಉಳಿದ 34ನ್ನೂ ಅದರಲ್ಲೇ ಓಡಿಸಿ, ತಮ್ಮದೇ ತಂಡದ ಹ್ಯಾಮಿಲ್ಟನ್ ಅವರನ್ನು ಅರ್ಧ ಸೆಕೆಂಡಿನಿಂದ ಹಿಂದಿಕ್ಕಿ ಮೊದಲಿಗರಾಗಿ ಬಂದರು. ಬಳಿಕ ಇಂಧನ ಬಸಿದು ತೂಗಿದರೆ ಕಾರು 796.5 ಕಿಲೊ. ಇರಬೇಕಾದದ್ದು 798. ಒಂದೂವರೆ ಕಿಲೊ ಕಮ್ಮಿ, ಅನರ್ಹ. ಒಂದೇ ಜೊತೆಯಲ್ಲಿ ಅಷ್ಟು ದೂರ ಓಡಿ ಕಳೆದುಹೋದ ರಬ್ಬರ್ ಕೂಡ ಕಾರಣಗಳಲ್ಲಿ ಒಂದು ಎಂದು ತಂಡವೇ ಅಂದಾಜಿಸಿತು. ಬೇರೆ ಟ್ರ್ಯಾಕ್‌ಗಳಲ್ಲಿ ಓಟ ಮುಗಿದ ಮೇಲೆ ಚಾಲಕರು ನಿಧಾನವಾಗಿ ಇನ್ನೊಂದು ಸುತ್ತು ಹಾಕುತ್ತ, ಬೇಕೆಂದೇ ದಾರಿಯ ಬದಿಗೆ ಹೋಗಿ, ಅಲ್ಲಿ ಬಿದ್ದಿರುವ ರಬ್ಬರ್ ಉಂಡೆಗಳನ್ನು ಬಿಸಿ ಟೈರ್‌ಗೆ ಅಂಟಿಸಿಕೊಂಡು ಬರುತ್ತಾರೆ, ತೂಕಕ್ಕೆ ಆಗುತ್ತದೆ. ಸ್ಪಾ 7 ಕಿ.ಮೀ. ಉದ್ದದ ಟ್ರ್ಯಾಕ್, ಓಟ ಮುಗಿದ ಮೇಲೆ ಅಲ್ಲಿ ಪೂರ್ತಿ ಸುತ್ತು ಹಾಕಿಸುವುದಿಲ್ಲ. ಮೊದಲ ತಿರುವು ದಾಟುತ್ತಿದ್ದಂತೆ ಹಿಂದಕ್ಕೆ ತಿರುಗಿಸಿ ಪಿಟ್‌ಗೆ ಕರೆದುಕೊಳ್ಳುತ್ತಾರೆ. ರಸೆಲ್‌ಗೆ ಉಂಡೆ ಆರಿಸಿಕೊಳ್ಳಲು ದಾರಿಯೇ ಇರಲಿಲ್ಲ. ಎರಡು ಸಲ ನಿಲ್ಲಿಸಿ ಎರಡನೆಯವರಾಗಿ ಬಂದಿದ್ದ ಹ್ಯಾಮಿಲ್ಟನ್‌ಗೆ ಗೆಲುವು ಒಲಿಯಿತು.