ಕೂಪನ್ ನೋಡಿ ಚೀಟಿ ಉದ್ದ ಮಾಡಬೇಡಿ

ಬಿನ್ನಿಪೇಟೆಯ ಮನೆಗಳಿಗೂ ಈಗ ದಿನಸಿ ಮೊಬೈಲ್ ಮೂಲಕವೇ ಬರುತ್ತೆ. ಬಿಗ್‌ಬಾಸ್ಕೆಟ್, ಬ್ಲಿಂಕಿಟ್, ಜೆಪ್ಟೋ ಎಲ್ಲದರಲ್ಲೂ ಕೂಪನ್ ಇದೆ. ಲಾಭ ಉಂಟು, ಆದರೆ ಲೆಕ್ಕ ಬೇಕು. ನಮಗೆ ಬೇಕಾದದ್ದು 850 ರೂಪಾಯಿಯ ಸಾಮಾನು ಅಂತಿಟ್ಟುಕೊಳ್ಳಿ. 999 ಆದರೆ 100 ರಿಯಾಯಿತಿ ಅಂತ ಬೇಡದ್ದನ್ನೂ ಸೇರಿಸಿದರೆ ಕೊಡೋದು 899. ಉಳಿದದ್ದೇನೂ ಇಲ್ಲ, 49 ಹೆಚ್ಚೇ ಹೋಯಿತು.

ಮೊದಲು ಉಮ್ಮ ಚೀಟಿ ಹೇಳಲಿ, ಆಮೇಲೆ ಮಕ್ಕಳು ಆ್ಯಪ್ ತೆರೆಯಲಿ. ದೊಡ್ಡ ಪೊಟ್ಟಣವೇ ಅಗ್ಗ ಅನ್ನಬೇಡಿ, ಕೆ.ಜಿ. ಲೆಕ್ಕದಲ್ಲಿ ದರ ಹೋಲಿಸಿ. ಹಣ ಕಟ್ಟುವ ಮುಂಚೆ ಡೆಲಿವರಿ ಶುಲ್ಕ ಕೂಡಿಸಿ, ಕೆ.ಆರ್. ಮಾರ್ಕೆಟ್ ಬೆಲೆಯ ಜೊತೆ ತೂಗಿ ನೋಡಿ.

ಕೇಳದ ವಸ್ತುವೋ ದೇಣಿಗೆಯೋ ಬಿಲ್ಲಿಗೆ ಸೇರಿದ್ದರೆ ತೆಗೆದುಹಾಕಿ. ಹಾಗೆ ಸೇರಿಸೋದನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲೇ ನಿಷೇಧಿಸಿದೆ. ದೂರು ಕೊಡಲು 1915ಕ್ಕೆ ಫೋನ್ ಮಾಡಿ.