ಪೆಟ್ಟಿಗೆ ಹಿಡಿದು ಹಡಗು ಹತ್ತಿದ ಹುಡುಗಿಯರು

ಮಗಳ ಬಾಣಂತನಕ್ಕೆಂದು ಐರ್ಲೆಂಡಿನ ಡಬ್ಲಿನ್‌ಗೆ ಹೋಗಿದ್ದೆ. ಒಂದು ಸಂಜೆ ಪಲ್ಯಕ್ಕೆ ಆಲೂಗಡ್ಡೆ ಹೆಚ್ಚುತ್ತಿದ್ದಾಗ ಪಕ್ಕದ ಮನೆಯಾಕೆ ಬಂದು, "ಲೈಬ್ರರಿಯಲ್ಲಿ ನಮ್ಮ ಬರಗಾಲದ ಸಾಕ್ಷ್ಯಚಿತ್ರ ತೋರಿಸುತ್ತಾರೆ, ಬರ್ತೀರಾ?" ಎಂದರು. ಕೈ ತೊಳೆದು ಹೊರಟೆ. ನೋಡಲು ಹೊರಟಿದ್ದು ಆ ಗಡ್ಡೆಯ ಕಥೆಯನ್ನೇ ಎಂದು ಗೊತ್ತಿರಲಿಲ್ಲ.

ಬರ ಅಂದರೆ ಮಳೆ ಬಾರದಿರುವುದು ಎಂದು ನಮ್ಮ ಲೆಕ್ಕ, ಅಲ್ಲವೇ? ಅಲ್ಲಿ ಮಳೆಗೇನೂ ಕೊರತೆಯಿರಲಿಲ್ಲ. ಬಡ ರೈತ ಬೆಳೆದ ಧಾನ್ಯವೆಲ್ಲ ಒಡೆಯನ ಗೇಣಿಗೆ ಹೋಗುತ್ತಿತ್ತು. ಮನೆಯವರ ಹೊಟ್ಟೆಗೆ ಆಲೂಗಡ್ಡೆ, ಅದರ ಜೊತೆಗೆ ಮಜ್ಜಿಗೆ. 1845ರಲ್ಲಿ ಆ ಗಡ್ಡೆಗೇ ರೋಗ ತಗುಲಿತು. ನಮ್ಮ ಹಾಸನದ ಕಡೆಯ ಆಲೂಗಡ್ಡೆ ಬೆಳೆಗಾರರನ್ನು ಕಾಡುವ ಅಂಗಮಾರಿ ಇದೆಯಲ್ಲ, ಅದೇ ರೋಗ! 1846ರಲ್ಲಂತೂ ಹೆಚ್ಚುಕಡಿಮೆ ಇಡೀ ಬೆಳೆ ಕೊಳೆತುಹೋಯಿತು.

ದೇಶದಲ್ಲಿ ಅನ್ನವೇ ಇರಲಿಲ್ಲವೇ ಎಂದರೆ, ಇತ್ತು. ಧಾನ್ಯ, ಬೆಣ್ಣೆ, ದನಕರು ಹಡಗು ತುಂಬಿ ಇಂಗ್ಲೆಂಡಿಗೆ ಹೋಗುತ್ತಲೇ ಇದ್ದವು. ಕೊಳ್ಳಲು ಬಡವರ ಕೈಯಲ್ಲಿ ಕಾಸಿರಲಿಲ್ಲ, ಅಷ್ಟೆ. ಸುಮಾರು 10 ಲಕ್ಷ ಜನ ಸತ್ತರು. ಅಷ್ಟೇ ಜನ, ಇನ್ನೂ ಹೆಚ್ಚೇ ಅನ್ನಿ, ಊರು ಬಿಟ್ಟರು. 1841ರಲ್ಲಿ 81 ಲಕ್ಷವಿದ್ದ ಜನಸಂಖ್ಯೆ 1851ಕ್ಕೆ 65 ಲಕ್ಷಕ್ಕೆ ಇಳಿದಿತ್ತು.

ಹೊರಟವರೆಲ್ಲ ದಡ ಸೇರಲಿಲ್ಲ. ಕಿಕ್ಕಿರಿದ ಹಡಗುಗಳಲ್ಲಿ ಹೇನಿನಿಂದ ಹರಡುವ ಟೈಫಸ್ ಜ್ವರ ಎದ್ದಿತು. ಅವಕ್ಕೆ ಶವಪೆಟ್ಟಿಗೆ ಹಡಗುಗಳೆಂದೇ ಹೆಸರು ಬಿತ್ತು. ಕೆನಡಾದ ಗ್ರೋಸ್ ಐಲ್ ದ್ವೀಪವೊಂದರಲ್ಲೇ 1847ರಲ್ಲಿ 5,000ಕ್ಕೂ ಹೆಚ್ಚು ಜನರನ್ನು ಹೂಳಿದರು.

ನನ್ನ ಕಣ್ಣು ತುಂಬಿಸಿದ್ದು ಮಾತ್ರ ಒಂದು ಮರದ ಪೆಟ್ಟಿಗೆ. 1848ರಿಂದ 1850ರವರೆಗೆ ಬಡವರ ದುಡಿಮೆಮನೆಗಳಲ್ಲಿದ್ದ 4,000ಕ್ಕೂ ಹೆಚ್ಚು ಅನಾಥ ಹುಡುಗಿಯರನ್ನು ಸರ್ಕಾರ ಆಸ್ಟ್ರೇಲಿಯಾಕ್ಕೆ ಕಳಿಸಿತು. ಅಲ್ಲಿ ಮನೆಗೆಲಸಕ್ಕೂ ಮದುವೆಗೂ ಹೆಣ್ಣುಗಳು ಸಾಲದು ಎಂದು! ಹೆಚ್ಚಿನವರು ಇಪ್ಪತ್ತು ತುಂಬದವರು. ಒಬ್ಬೊಬ್ಬರಿಗೂ ಬೀಗವಿರುವ ಒಂದೊಂದು ಪೆಟ್ಟಿಗೆ. ಒಳಗೆ ಆರು ಒಳಅಂಗಿ, ಎರಡು ಗೌನು, ಆರು ಜೊತೆ ಕಾಲುಚೀಲ, ಎರಡು ಜೊತೆ ಬೂಟು. ಅನೇಕರ ಪಾಲಿಗೆ ಸ್ವಂತದ್ದೆಂದು ಸಿಕ್ಕಿದ ಮೊದಲ ಆಸ್ತಿ ಅದೇ ಇರಬೇಕು. ಮೂರು ತಿಂಗಳಿಗೂ ಮೀರಿದ ಸಮುದ್ರಪ್ರಯಾಣ. ಇಳಿದ ಮೇಲೆ "ಇವಕ್ಕೆ ಮನೆಗೆಲಸವೇ ಬಾರದು" ಎಂಬ ದೂರು ಬೇರೆ. ಒಲೆ ಮೇಲೆ ಬೇಯಿಸಲು ಏನೂ ಇಲ್ಲದ ಮನೆಯ ಮಕ್ಕಳು ಅಡುಗೆ ಕಲಿಯುವುದಾದರೂ ಹೇಗೆ, ನೀವೇ ಹೇಳಿ.

ಆಮೇಲಿನ ವರ್ಷಗಳಲ್ಲೂ ವಲಸೆ ನಿಲ್ಲಲಿಲ್ಲ. ಮಗಳು ಅಮೆರಿಕಕ್ಕೆ ಹೊರಡುವ ಹಿಂದಿನ ರಾತ್ರಿ ಊರವರೆಲ್ಲ ಸೇರಿ ಜಾಗರಣೆ ಮಾಡುತ್ತಿದ್ದರಂತೆ, ಸತ್ತವರ ಮನೆಯಲ್ಲಿ ಮಾಡುವ ಹಾಗೆ. ತಿರುಗಿ ಬರುವವಳಲ್ಲ ಎಂದು ತಾಯಿಗೆ ಗೊತ್ತು. ಆ ಹುಡುಗಿಯರೋ, ಯಾರದೋ ಮನೆಯ ಪಾತ್ರೆ ತಿಕ್ಕಿ, ಸಂಬಳ ಉಳಿಸಿ ಊರಿಗೆ ಕಳಿಸಿದರು. ಆ ಹಣದಲ್ಲೇ ತಂಗಿ ತಮ್ಮಂದಿರಿಗೆ ಹಡಗಿನ ಟಿಕೆಟ್ಟು!

ಚಿತ್ರ ಮುಗಿದು ದೀಪ ಹತ್ತಿದಾಗ ಪಕ್ಕದ ಮನೆಯಾಕೆ ಮೆಲ್ಲಗೆ, "ನಮ್ಮ ವಂಶದ ಹುಡುಗಿಯೊಬ್ಬಳೂ ಹೀಗೇ ಹೋದಳು. ಕಾಗದ ಬರಲೇ ಇಲ್ಲ" ಎಂದರು. ನಾನು ಅವರ ಕೈ ಹಿಡಿದುಕೊಂಡೆ.

"ಇಷ್ಟು ದೂರ ಯಾಕೆ ಬಂದೆಯೇ?" ಎಂದು ಬಂದ ದಿನದಿಂದ ಮಗಳನ್ನು ಗೊಣಗುತ್ತಿದ್ದವಳು ನಾನು. ಅವಳ ಪೆಟ್ಟಿಗೆ ತುಂಬಿದ್ದು ನಾನೇ: ಸಾರಿನ ಪುಡಿ, ಹಪ್ಪಳ, ಎರಡು ರೇಷ್ಮೆ ಸೀರೆ. ಬೇಕೆಂದಾಗ ಮುಖ ನೋಡಿ ಮಾತಾಡಲು ಫೋನು ಬೇರೆ. ಆ ರಾತ್ರಿ ಗೊಣಗಲಿಲ್ಲ. ಅರ್ಧ ಹೆಚ್ಚಿಟ್ಟಿದ್ದ ಆಲೂಗಡ್ಡೆಯನ್ನು ಬೇಯಿಸಿ ಒಗ್ಗರಣೆ ಹಾಕಿ, ಮಗಳಿಗೆ ಬಿಸಿಬಿಸಿ ಬಡಿಸಿದೆ.