ಕಡಲತೀರದ ವಿಶ್ರಾಂತಿಧಾಮ: ನಂಬಿಕೆಯೂ ನಿಜವೂ

ಕಬಿನಿಯೆಂದೂ ಕರೆಯುವ ಕಪಿಲಾ ನದಿಯ ದಡದಲ್ಲಿರುವ, ಹಿಂದೆ ಹೆಗ್ಗಡದೇವನಕೋಟೆಗೆ ಸೇರಿದ್ದು ಈಗ ತಾನೇ ಒಂದು ತಾಲ್ಲೂಕಾಗಿರುವ ಸರಗೂರಿನ ಜನಕ್ಕೆ ಬೆಲೆಬಾಳುವ ರೆಸಾರ್ಟು ಅಪರಿಚಿತ ವಸ್ತುವೇನೂ ಅಲ್ಲ. ಬೀಚನಹಳ್ಳಿಯ ಬಳಿ 1974ರಲ್ಲಿ ಅಣೆಕಟ್ಟು ಪೂರ್ಣಗೊಂಡು ಕಬಿನಿಯ ಹಿನ್ನೀರು ಕಾಡಿನಂಚಿನವರೆಗೂ ಹರಡಿಕೊಂಡ ತರುವಾಯ, ಕಾರಾಪುರದ ಸುತ್ತಮುತ್ತ ಒಂದಾದ ಮೇಲೊಂದರಂತೆ ಎದ್ದ ವಿಹಾರಧಾಮಗಳಲ್ಲಿ ನಮ್ಮ ಊರುಗಳ ಎಷ್ಟೋ ಮಂದಿ ತರುಣರು ಅಡುಗೆಮನೆಯಲ್ಲಿ, ತೋಟದಲ್ಲಿ, ದೋಣಿಯಲ್ಲಿ, ಸಫಾರಿಯ ಜೀಪಿನಲ್ಲಿ ದುಡಿಯುತ್ತಿದ್ದಾರೆ. ದೂರದ ಅತಿಥಿ ಯಾವುದಕ್ಕೆ ಹಣ ತೆರುತ್ತಾನೆ, ತೆತ್ತ ಹಣಕ್ಕೆ ಅವನಿಗೆ ದೊರೆಯುವುದೇನು ಎಂಬುದನ್ನು ಅವರು ಒಳಗಿನಿಂದ ಬಲ್ಲರು. ಆದರೂ ಅದೇ ಮನೆಗಳವರು ತಾವೇ ಅತಿಥಿಗಳಾಗಿ, ಮಗಳ ಮದುವೆಯ ಗಡಿಬಿಡಿ ಮುಗಿದ ಮೇಲೋ ತಂದೆಯವರು ನಿವೃತ್ತರಾದ ವರ್ಷವೋ, ನಾಲ್ಕು ದಿನ ಸಮುದ್ರತೀರದಲ್ಲಿ ನಿಶ್ಚಿಂತರಾಗಿದ್ದು ಬರೋಣವೆಂದು ಹೊರಟಾಗ, ಆ ತಿಳಿವಳಿಕೆಯನ್ನು ಊರಿನಲ್ಲಿಯೇ ಬಿಟ್ಟು, ಜಾಹೀರಾತಿನ ಚಿತ್ರಗಳು ಬಿತ್ತಿದ ಕೆಲವು ನಂಬಿಕೆಗಳನ್ನು ಮಾತ್ರ ಕಟ್ಟಿಕೊಂಡು ಹೋಗುತ್ತಾರೆ. ಅವುಗಳಲ್ಲಿ ಕೆಲವು ಹಣವನ್ನಷ್ಟೇ ಕಳೆಯುವಂಥವು. ಕೆಲವು ಪ್ರಾಣಕ್ಕೇ ಎರವಾಗುವಂಥವು. ಎರಡನೆಯ ಬಗೆಯವುಗಳ ಸಲುವಾಗಿಯೇ ಮುಖ್ಯವಾಗಿ ಈ ಬರವಣಿಗೆ.

ಐದು ನಕ್ಷತ್ರದ ಹೋಟೆಲಾದರೆ ಅದರ ಮುಂದಿನ ಕಡಲೂ ಅದೇ ದರ್ಜೆಯದೆಂದು ಭಾವಿಸುವವರು ಬಹಳ ಮಂದಿ. ನಮ್ಮ ದೇಶದಲ್ಲಿ ಈ ನಕ್ಷತ್ರಗಳನ್ನು ಕೊಡತಕ್ಕದ್ದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ವರ್ಗೀಕರಣ ಸಮಿತಿ. ಹೋಟೆಲಿನವರು ತಾವಾಗಿ ಅರ್ಜಿ ಹಾಕಿಕೊಂಡಾಗ ಮಾತ್ರ ಅದು ಬಂದು, ಕೋಣೆಯ ವಿಸ್ತೀರ್ಣ, ಸ್ನಾನಗೃಹ, ಅಡುಗೆಮನೆಯ ನೈರ್ಮಲ್ಯ, ಸಿಬ್ಬಂದಿಯ ತರಬೇತಿ ಮುಂತಾದುವನ್ನು ಪರೀಕ್ಷಿಸಿ, ಐದು ವರ್ಷಗಳ ಅವಧಿಗೆ ದರ್ಜೆಯನ್ನು ಗೊತ್ತುಮಾಡುತ್ತದೆ. ತೋಟದ ಬಾಗಿಲು ದಾಟಿದ ಮೇಲೆ ಮರಳಿನ ಇಳಿಜಾರು ಎಷ್ಟು ಕಡಿದು, ನೀರಿನ ಸೆಳೆತ ಯಾವ ಕಡೆಗೆ, ಊರಿನ ಕೊಳಚೆಯ ತೋಡು ಎಲ್ಲಿ ಬಂದು ಸೇರುತ್ತದೆ ಎಂಬ ಪ್ರಶ್ನೆಗಳು ಆ ಪರೀಕ್ಷೆಯ ವಿಷಯಗಳಲ್ಲ. ಇನ್ನು ಅಂತರ್ಜಾಲದಲ್ಲಿ ಹೋಟೆಲಿನ ಹೆಸರಿನ ಕೆಳಗೆ ಕಾಣುವ ನಕ್ಷತ್ರಗಳೆಂದರೆ ಬಹುಮಟ್ಟಿಗೆ ಹಿಂದೆ ಬಂದುಹೋದವರ ಮೆಚ್ಚುಗೆಯ ಗುರುತು. ಸಚಿವಾಲಯಕ್ಕೂ ಅದಕ್ಕೂ ಸಂಬಂಧವಿಲ್ಲ. ಕಡಲತೀರವನ್ನೇ ಅಳೆಯುವ ಮಾನದಂಡ ಬೇರೊಂದುಂಟು. ಡೆನ್ಮಾರ್ಕಿನಲ್ಲಿ ಕೇಂದ್ರವುಳ್ಳ ಪರಿಸರ ಶಿಕ್ಷಣ ಪ್ರತಿಷ್ಠಾನವೊಂದು ನೀರಿನ ಶುದ್ಧತೆ, ಜೀವರಕ್ಷಕರ ಇರುವಿಕೆ ಮೊದಲಾದ 33 ನಿಯಮಗಳನ್ನು ಪರಿಶೀಲಿಸಿ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆಯು 2020ರಲ್ಲಿ ಕರ್ನಾಟಕದ ಎರಡು ತೀರಗಳಿಗೆ ದೊರೆಯಿತು: ಉಡುಪಿ ಜಿಲ್ಲೆಯ ಪಡುಬಿದ್ರಿ ಒಂದು, ಹೊನ್ನಾವರದ ಬಳಿಯ ಕಾಸರಕೋಡು ಇನ್ನೊಂದು. ಎರಡೂ ಸಾರ್ವಜನಿಕ ತೀರಗಳು, ಸರ್ಕಾರಿ ಬಸ್ಸಿನಲ್ಲಿ ಹೋದ ಯಾತ್ರಿಕನಿಗೂ ತೆರೆದಿರತಕ್ಕವು. ಹೀಗೆ ನೋಡಿದರೆ ನಾಡಿನ ಅತ್ಯಂತ ಪರಿಶುದ್ಧವಾದ ಕಡಲತೀರವು ಅತ್ಯಂತ ದುಬಾರಿಯಾದ ಹೋಟೆಲಿನ ಮುಂದೆಯೇ ಇರಬೇಕೆಂಬ ನಿಯಮವಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ರೆಸಾರ್ಟಿಗೆ ಸ್ವಂತ ಕಡಲತೀರವಿದೆಯೆಂಬ ಮಾತನ್ನು ಕೇಳಿ ಹೆಚ್ಚಿನ ಬಾಡಿಗೆ ತೆರುವುದೂ ಇಂಥದೇ ಇನ್ನೊಂದು ಭ್ರಮೆ. ಉಬ್ಬರದ ಗೆರೆಯಿಂದ ಕೆಳಕ್ಕಿರುವ ಮರಳು ನಮ್ಮ ದೇಶದಲ್ಲಿ ಸಾರ್ವಜನಿಕರದು. ಪರಿಸರ ಸಂರಕ್ಷಣಾ ಕಾಯಿದೆಯ ಮೇರೆಗೆ 1991ರಲ್ಲಿ ಹೊರಟು, 2011ರಲ್ಲಿಯೂ 2019ರಲ್ಲಿಯೂ ಪರಿಷ್ಕೃತವಾದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ತನ್ನ ಮೊದಲ ರೂಪದಲ್ಲಿಯೇ, ತೀರದ ವಿಹಾರಧಾಮಗಳ ಕಟ್ಟಡ ಒಂಬತ್ತು ಮೀಟರನ್ನೂ ಎರಡು ಅಂತಸ್ತನ್ನೂ ಮೀರಕೂಡದೆಂದೂ, ಎರಡು ವಿಹಾರಧಾಮಗಳ ನಡುವೆ ಜನರು ಕಡಲಿಗೆ ಹೋಗಿಬರಲು 20 ಮೀಟರು ಅಗಲದ ದಾರಿಯನ್ನು ಬಿಡತಕ್ಕದ್ದೆಂದೂ ವಿಧಿಸಿತು. ಆದಕಾರಣ, ಬೆಳಗಿನ ಹೊತ್ತು ಕೋಣೆಯ ಮುಂದಿನ ಮರಳಿನಲ್ಲಿ ಬೆಸ್ತರು ಸಾಲಾಗಿ ನಿಂತು ಕೈರಂಪಣಿ ಬಲೆಯನ್ನು ಎಳೆಯುತ್ತಿದ್ದರೆ, ತನ್ನ ಏಕಾಂತಕ್ಕೆ ಭಂಗ ಬಂದಿತೆಂದು ವ್ಯವಸ್ಥಾಪಕನಲ್ಲಿ ದೂರು ಹೇಳುವುದು ಅನ್ಯಾಯ. ಅದು ಅವರ ದುಡಿಮೆಯ ನೆಲ, ನಾವು ಬಂದವರು. ನನ್ನ ಅಭಿಪ್ರಾಯದಲ್ಲಿ, ಮೀನುಗಾರರು ಓಡಾಡುವ ತೀರವೇ ವಿಶ್ರಾಂತಿಗೂ ಮೇಲು, ಏಕೆಂದರೆ ಆ ನೀರಿನ ಗುಣಾವಗುಣಗಳನ್ನು ಬಲ್ಲವರು ಅಲ್ಲಿ ಕರೆದರೆ ಕೇಳುವಷ್ಟು ಹತ್ತಿರದಲ್ಲಿರುತ್ತಾರೆ.

ಕಡಲಿಗೆ ಮುಖ ಮಾಡಿದ ಕೋಣೆಯೆಂಬುದರ ಸತ್ಯಾಸತ್ಯವನ್ನು ತಿಳಿಯಲು ನಮ್ಮವರು ದೂರ ಹೋಗಬೇಕಾಗಿಲ್ಲ. ಶ್ರಾವಣದಲ್ಲಿ ಮೆಟ್ಟಿಲವರೆಗೂ ತುಂಬಿ ನಿಂತ ಕಬಿನಿಯ ಹಿನ್ನೀರು ವೈಶಾಖದ ವೇಳೆಗೆ ಬಹುದೂರ ಹಿಂದೆ ಸರಿದು, ನೀರಿದ್ದ ಜಾಗದಲ್ಲಿ ಹುಲ್ಲು ಹಬ್ಬಿ, ಆ ಹುಲ್ಲಿಗೆ ಆನೆಗಳ ಹಿಂಡು ಬಂದು ನಿಲ್ಲುವುದನ್ನು ಕಂಡವರಿಗೆ, ನೀರಿನಂಚಿನ ಕೋಣೆಯೆಂಬ ಮಾತು ಕೆಲವು ತಿಂಗಳು ಮಾತ್ರ ನಿಜವೆಂಬುದು ಗೊತ್ತೇ ಇದೆ. ಕಡಲಿನಲ್ಲಿ ಈ ಏರಿಳಿತ ದಿನಕ್ಕೆ ಎರಡು ಬಾರಿ ನಡೆಯುತ್ತದೆ. ಉಬ್ಬರದ ವೇಳೆ ದಿನದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಅದರ ವಿಸ್ತಾರ ಹೆಚ್ಚು. ಇದಲ್ಲದೆ ಮಳೆಗಾಲದ ಅಲೆಗಳು ದಡದ ಮರಳನ್ನು ಒಳಕ್ಕೆ ಹೊತ್ತುಕೊಂಡು ಹೋಗಿ, ಶಾಂತವಾದ ತಿಂಗಳುಗಳಲ್ಲಿ ಮೆಲ್ಲಮೆಲ್ಲನೆ ಹಿಂದಕ್ಕೆ ತಂದು ಹಾಕುತ್ತವೆ. ಉಳ್ಳಾಲ, ಸೋಮೇಶ್ವರಗಳಂಥ ಕಡೆ ಕಡಲ್ಕೊರೆತ ವಿಪರೀತವಾಗಿ, ಮನೆಮಠಗಳನ್ನು ಉಳಿಸಿಕೊಳ್ಳಲು ಬಂಡೆಗಲ್ಲುಗಳ ತಡೆಗೋಡೆಗಳನ್ನು ಹಾಕಬೇಕಾಗಿ ಬಂದಿದೆ. ಅಂಥ ಗೋಡೆಯ ಹಿಂದಿನ ಕೋಣೆಯಿಂದ ಕಡಲು ನಿಚ್ಚಳವಾಗಿ ಕಾಣುತ್ತದೆ, ಆದರೆ ಕಾಲಿಡಲು ಮರಳಿರುವುದಿಲ್ಲ. ಜನವರಿಯ ಇಳಿತದಲ್ಲಿ ತೆಗೆದ ಚಿತ್ರಕ್ಕೆ ಮರುಳಾಗದೆ, ಕೋಣೆಗೂ ನೀರಿಗೂ ನಡುವೆ ಇರುವುದು ಮರಳೋ, ಕಲ್ಲುಗೋಡೆಯೋ, ರಸ್ತೆಯೋ ಎಂದು ನೇರವಾಗಿ ಕೇಳಬೇಕು.

ಹಿನ್ನೀರಿನ ಕೋಣೆ ಕೀಳೆಂಬ ಭಾವನೆಯನ್ನೂ ಇಲ್ಲಿಯೇ ತಿದ್ದಬಹುದು. ಕೆಳದಿಯ ಶಿವಪ್ಪನಾಯಕನ ಕಾಲದ ಕೋಟೆಯಿಂದ ಹೆಸರಾದ ಕಾಸರಗೋಡು ಜಿಲ್ಲೆಯ ಬೇಕಲವನ್ನು ಕೇಂದ್ರ ಸರ್ಕಾರ 1992ರಲ್ಲಿ ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಘೋಷಿಸಿತು; 1995ರಲ್ಲಿ ಅದಕ್ಕಾಗಿ ಪ್ರತ್ಯೇಕ ನಿಗಮವೇ ಏರ್ಪಟ್ಟಿತು. ಅಲ್ಲಿನ ಹೆಸರಾಂತ ವಿಲಾಸಧಾಮಗಳಲ್ಲಿ ಹಿನ್ನೀರಿಗೆ ಮುಖ ಮಾಡಿದ ಕೋಣೆಗಳುಂಟು. ಅಲೆಯ ಮೊರೆತದಲ್ಲಿ ನಿದ್ರೆ ಬಾರದ ವೃದ್ಧರಿಗೆ, ಎಳೆಯ ಮಕ್ಕಳನ್ನು ಕರೆದೊಯ್ಯುವ ತಾಯಂದಿರಿಗೆ, ತೆಂಗಿನ ತೋಪಿನ ನೆರಳಿನ ಆ ನಿಶ್ಚಲವಾದ ನೀರು ನಿಜವಾದ ವಿಶ್ರಾಂತಿಯನ್ನು ಕೊಡತಕ್ಕದ್ದು. ಆದರೆ ಅದು ಕಡಲೆಂದು ತಿಳಿದು ಮುಂಗಡ ಕಟ್ಟಿ, ಅಲ್ಲಿಗೆ ಹೋಗಿ ನಿರಾಶರಾಗಬಾರದು, ಅಷ್ಟೇ.

ಸಮುದ್ರವೆಂದರೆ ನಮ್ಮ ಕಡೆಯವರಿಗೆ ಮಂಗಳೂರು, ಅದೂ ಬಹುದೂರ. ಆದರೆ ನಮ್ಮ ಕಪಿಲೆ ಪಶ್ಚಿಮದ ಕಡಲಿಗೆ ಅಷ್ಟು ಸಮೀಪದ ವಯನಾಡಿನ ಬೆಟ್ಟಗಳಲ್ಲಿ ಹುಟ್ಟಿಯೂ ಪೂರ್ವಾಭಿಮುಖವಾಗಿ ಹರಿದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವವಳಾದುದರಿಂದ, ಆ ಬೆಟ್ಟಗಳ ಆಚೆಯ ಇಳಿಜಾರಿನ ಬುಡದಲ್ಲಿಯೇ ಕಡಲಿದೆಯೆಂಬುದು ನಮಗೆ ಮರೆತುಹೋಗಿದೆ. ಬಾವಲಿ, ಮಾನಂದವಾಡಿಗಳ ಮೂಲಕ ಇಳಿದರೆ ಕಣ್ಣೂರು, ತಲಶ್ಶೇರಿಗಳ ತೀರ ಸುಮಾರು 150 ಕಿಲೋಮೀಟರು. ನಾಗರಹೊಳೆಯ ಕಾಡಿನೊಳಗಿನ ಆ ರಸ್ತೆ ವನ್ಯಮೃಗಗಳ ಹಿತಕ್ಕಾಗಿ ಸಂಜೆ ಆರರಿಂದ ಬೆಳಗಿನ ಆರರವರೆಗೆ ಮುಚ್ಚಿರುತ್ತದೆಂಬುದನ್ನು ಮಾತ್ರ ನೆನಪಿಟ್ಟು ಹೊರಡತಕ್ಕದ್ದು.

ಕಾಲದ ವಿಷಯ. ಮಕ್ಕಳಿಗೆ ಬೇಸಗೆಯ ರಜೆ ಬಂದೊಡನೆ ಕಡಲಿಗೆ ಹೋಗುವುದು ರೂಢಿ. ಕಡಲಗಾಳಿ ತಂಪೆಂಬುದು ಅದರ ಹಿಂದಿನ ನಂಬಿಕೆ. ಹಗಲಿನಲ್ಲಿ ಕಡಲಿನಿಂದ ನೆಲಕ್ಕೆ ಗಾಳಿ ಬೀಸುವುದು ನಿಜ; ಆದರೆ ಏಪ್ರಿಲ್ ಮೇ ತಿಂಗಳುಗಳಲ್ಲಿ ಆ ಗಾಳಿ ತೇವದಿಂದ ತುಂಬಿರುವುದರಿಂದ, ಪ್ರಸ್ಥಭೂಮಿಯ ಒಣ ಬಿಸಿಲಿಗೆ ಒಗ್ಗಿದ ನಮ್ಮ ಮೈ ಬೆವರು ಆರದೆ ಬಳಲುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗಿನ ಅವಧಿ ಪ್ರಶಸ್ತವಾದುದು. ಮಳೆಗಾಲದಲ್ಲಿ ಬಾಡಿಗೆ ಇಳಿಸುವುದನ್ನು ಕಂಡು, ಅದೇ ಸುಖ ಕಡಿಮೆ ಬೆಲೆಗೆ ದೊರಕಿತೆಂದು ಹಿಗ್ಗುವವರುಂಟು. ದೊರಕುವುದು ಬೇರೊಂದು ಸುಖ: ಜಗಲಿಯಲ್ಲಿ ಕುಳಿತು ಮಳೆಯನ್ನೂ ಕಡಲನ್ನೂ ಒಟ್ಟಿಗೆ ನೋಡುವುದು, ಓದುವುದು, ಮಲಗುವುದು. ಅದನ್ನು ಬಯಸುವವರಿಗೆ ಅದು ಅಮೂಲ್ಯವೇ ಸರಿ, ಆದರೆ ನೀರಿಗಿಳಿಯುವ ಆಸೆಯನ್ನು ಪೂರ್ತಿಯಾಗಿ ಬಿಟ್ಟು ಹೋಗಬೇಕು. ಬಾಡಿಗೆಯ ಲೆಕ್ಕದಲ್ಲಿಯೂ ಒಂದು ಮಾತು: ದಿನಕ್ಕೆ 7500 ರೂಪಾಯಿ ಮೀರಿದ ಕೋಣೆಗೆ ಜಿಎಸ್‌ಟಿ ಶೇಕಡ 18 ಸೇರುತ್ತದೆ, ಊಟದ ಬಿಲ್ಲಿನಲ್ಲಿ ಕಾಣುವ ಸೇವಾಶುಲ್ಕ ಮಾತ್ರ ಕಡ್ಡಾಯವಲ್ಲ. ಅದನ್ನು ತಾನಾಗಿ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೊರಡಿಸಿದ ಸೂಚನೆಯನ್ನು ದೆಹಲಿಯ ಉಚ್ಚ ನ್ಯಾಯಾಲಯ 2025ರ ಮಾರ್ಚಿನಲ್ಲಿ ಎತ್ತಿಹಿಡಿದಿದೆ.

ಇನ್ನು ಪ್ರಾಣಕ್ಕೆ ಸಂಬಂಧಿಸಿದ ನಂಬಿಕೆಗಳು. ಕಪಿಲೆಯಲ್ಲಿ ಈಜು ಕಲಿತವನಿಗೆ ಕಡಲಿನ ಭಯವೇನೆಂದು ಕೇಳುವ ಯುವಕರು ನಮ್ಮಲ್ಲಿ ಹೇರಳವಾಗಿದ್ದಾರೆ. ಲೀಟರಿಗೆ ಸುಮಾರು 35 ಗ್ರಾಂ ಲವಣವುಳ್ಳ ಕಡಲಿನ ನೀರು ಹೊಳೆಯ ನೀರಿಗಿಂತ ಭಾರವಾದುದರಿಂದ ಅದರಲ್ಲಿ ಮೈ ಸುಲಭವಾಗಿ ತೇಲುವುದು ನಿಜ. ಆ ಸೌಲಭ್ಯವೇ ಅತಿಧೈರ್ಯಕ್ಕೆ ಕಾರಣವಾಗುತ್ತದೆ. ಹೊಳೆಯ ಹರಿವು ಒಂದೇ ದಿಕ್ಕಿನದು, ಎಂದಿನದು. ಕಡಲಿನದು ಗಳಿಗೆಗೊಮ್ಮೆ ಬದಲಾಗುವಂಥದು. ದಡಕ್ಕೆ ಬಂದು ಒಡೆದ ಅಲೆಗಳ ನೀರೆಲ್ಲ ಹಿಂದಿರುಗಲು ಮರಳಿನ ದಿಬ್ಬಗಳ ನಡುವೆ ಒಂದು ಕಾಲುವೆಯನ್ನು ಹಿಡಿಯುತ್ತದೆ. ಆ ಕಾಲುವೆಯ ಮೇಲೆ ಅಲೆಗಳು ಕಡಿಮೆ ಒಡೆಯುವುದರಿಂದ, ಇಡೀ ತೀರದಲ್ಲಿ ಅದೊಂದೇ ಜಾಗ ಸೌಮ್ಯವಾಗಿ ಕಾಣುತ್ತದೆ, ಮತ್ತು ಕಡಲನ್ನು ಅರಿಯದವರು ಮಕ್ಕಳನ್ನು ಕರೆದುಕೊಂಡು ಇಳಿಯುವುದು ಅಲ್ಲಿಗೇ. ಆ ಸೆಳೆತ ಕೆಳಕ್ಕೆ ಎಳೆಯುತ್ತದೆಂಬ ನಂಬಿಕೆಯೂ ತಪ್ಪು. ಅದು ಹೊರಕ್ಕೆ ಒಯ್ಯುತ್ತದೆ, ಮುಳುಗಿಸುವುದು ಅದರೊಡನೆ ಸೆಣಸಿ ಬಂದ ದಣಿವು. ಸಿಕ್ಕಿಕೊಂಡವನು ದಡದ ಕಡೆಗೆ ನೇರವಾಗಿ ಈಜಲು ಹೆಣಗದೆ, ತೇಲಿಕೊಂಡು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಅಲೆ ಒಡೆಯುವ ಕಡೆಯಿಂದ ಮರಳಬೇಕು.

ಮಳೆಗಾಲ ಕಳೆದರೆ ಅಪಾಯವಿಲ್ಲವೆಂದು ನಂಬುವವರು 2024ರ ಡಿಸೆಂಬರನ್ನು ನೆನೆಯಬೇಕು. ಶಾಲಾಪ್ರವಾಸದಲ್ಲಿ ಮುರುಡೇಶ್ವರಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರನ್ನು ಆ ತಿಂಗಳಿನಲ್ಲಿಯೇ ಕಡಲು ಒಯ್ದಿತು. ಕಡಲು ಬೇಡ, ರೆಸಾರ್ಟಿನ ಈಜುಕೊಳವೇ ನಿರಪಾಯವೆಂದು ನೆಮ್ಮದಿಪಡುವವರು ಅದರ ಹಿಂದಿನ ತಿಂಗಳನ್ನು ನೆನೆಯಬೇಕು: ಉಳ್ಳಾಲದ ಬಳಿಯ ಕಡಲತೀರದ ರೆಸಾರ್ಟೊಂದರ ಕೊಳದಲ್ಲಿ ನಮ್ಮ ಮೈಸೂರಿನಿಂದ ಹೋಗಿದ್ದ ಮೂವರು ಯುವತಿಯರು ಮುಳುಗಿ ತೀರಿಕೊಂಡರು. ಕೊಳದ ನೀರಿನಲ್ಲಿ ಅಲೆಯಿಲ್ಲದಿರಬಹುದು, ಆದರೆ ಅದರ ತಳ ಒಂದು ಬದಿಯಿಂದ ಇನ್ನೊಂದು ಬದಿಗೆ ಇಳಿಯುತ್ತ ಹೋಗುತ್ತದೆ; ನಿಲುವಿಗೆ ಎಟುಕುತ್ತಿದ್ದ ನೆಲ ನಾಲ್ಕು ಹೆಜ್ಜೆಗಳಲ್ಲಿ ತಪ್ಪುತ್ತದೆ. ಮುಳುಗುವವರು ಕೈಬೀಸಿ ಕೂಗುತ್ತಾರೆಂಬುದು ಸಿನಿಮಾದಿಂದ ಬಂದ ಕಲ್ಪನೆ. ಉಸಿರಿಗಾಗಿ ಹೆಣಗುವ ಗಂಟಲಿನಿಂದ ಸಾಮಾನ್ಯವಾಗಿ ಧ್ವನಿ ಹೊರಡುವುದೇ ಇಲ್ಲ, ಹತ್ತು ಅಡಿ ದೂರದಲ್ಲಿ ಕುಳಿತವರಿಗೂ ತಿಳಿಯುವುದಿಲ್ಲ. ಆದುದರಿಂದ ಹಾಸಿಗೆಯ ಮೆತ್ತನೆಯನ್ನೂ ತಿಂಡಿಯ ಬಗೆಗಳನ್ನೂ ವಿಚಾರಿಸುವುದಕ್ಕೆ ಮೊದಲು, ಕೊಳದ ಆಳವೆಷ್ಟು, ಆ ಆಳವನ್ನು ಅಂಚಿನಲ್ಲಿ ಬರೆದಿದ್ದಾರೆಯೆ, ಕೊಳದ ಬಳಿ ಜೀವರಕ್ಷಕನು ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಇರುತ್ತಾನೆ, ಮುಂದಿನ ತೀರದಲ್ಲಿ ಕೆಂಪು ಬಾವುಟ ಹಾರಿಸಿ ಎಚ್ಚರಿಸುವವರುಂಟೆ, ಹತ್ತಿರದ ಆಸ್ಪತ್ರೆ ಎಷ್ಟು ದೂರ ಎಂದು ದೂರವಾಣಿಯಲ್ಲಿ ಕೇಳಬೇಕು. ಉತ್ತರ ತಡವರಿಸುವ ಕಡೆಗೆ ಮುಂಗಡದ ಹಣವನ್ನು ಕಳುಹಿಸಕೂಡದು, ಅಲ್ಲಿನ ಕೋಣೆ ಎಷ್ಟೇ ಸುಂದರವಾಗಿರಲಿ.